ತಟ್ಟೆಯ ಮೇಲಿನ ಬೊಟ್ಟು

ತಣಿಗಾಚಲಂ ಒಂದು ಸಾಮಾನು ಕೊಳ್ಳುವುದನ್ನು ನೀವು ನೋಡಬೇಕಿತ್ತು. ಬದನೆಕಾಯಿಯಾಗಲಿ ಬೀಗವಾಗಲಿ, ಮೊದಲು ಅಂಗೈ ಮೇಲಿಟ್ಟು ತೂಗುವುದು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಕೊನೆಗೆ ಅಂಗಡಿಯವನ ಮುಖವನ್ನೇ ಅರ್ಧ ನಿಮಿಷ ದಿಟ್ಟಿಸುವುದು. ರೈಲು ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ಫಿಟ್ಟರ್ ಆಗಿ ನಿವೃತ್ತನಾದ ಆಸಾಮಿ. ಅವನಿದ್ದ ಅಯನಾವರ ಬಡಾವಣೆಯ ತರಕಾರಿಯವಳು ಅವನು ಬರುವುದು ಕಂಡರೆ ಸಾಕು, “ಬಂದ್ರಪ್ಪಾ ಇನ್‌ಸ್ಪೆಕ್ಟರ್ರು, ಈಗ ನನ್ನ ಟೊಮೇಟೋಗೆಲ್ಲ ಪರೀಕ್ಷೆ!” ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಇಂಥವನು ಎರಡು ಸಾವಿರದ ಐದನೇ ಇಸವಿಯ ನವರಾತ್ರಿಗೆ ಹದಿನೈದು ದಿನ ಇದೆ ಎನ್ನುವಾಗ, ಮದರಾಸಿನ ರಿಚಿ ಸ್ಟ್ರೀಟಿಗೆ ಸೀಡಿ ಬರೆಯುವ ರೈಟರ್ ಕೊಳ್ಳಲು ಹೋದ. ಮದರಾಸನ್ನು ಚೆನ್ನೈ ಎಂದು ಕರೆಯುವುದು ಅವನಿಗೆ ಕೊನೆಗೂ ಬರಲಿಲ್ಲ, ನಾನೂ ಅವನ ದಾರಿಯಲ್ಲೇ ಹೋಗುತ್ತೇನೆ.

ಅಂಗಡಿಯ ಇಳಂಗೋ ಮೂರು ರೈಟರುಗಳನ್ನು ಮುಂದಿಟ್ಟ. “ಸಾರ್, ಇದು ಹದಿನಾರು ಸ್ಪೀಡು. ಐದು ನಿಮಿಷದಲ್ಲಿ ಸೀಡಿ ತಟ್ಟೆ ರೆಡಿ.”

“ಅವಸರ ಯಾರಿಗಪ್ಪ? ಇದನ್ನ ನಿಧಾನಕ್ಕೆ ಓಡ್ಸೋಕೆ ಬರುತ್ತಾ?”

“ನಿಧಾನಕ್ಕಾ! ಜೋರಾಗಿ ಓಡುತ್ತಾ ಅಂತ ಕೇಳೋರನ್ನ ನೋಡಿದೀನಿ. ನಿಧಾನಕ್ಕೆ ಓಡುತ್ತಾ ಅಂತ ಕೇಳಿದ ಮೊದಲನೇ ಮನುಷ್ಯ ನೀವೇ.”

“ಉಕ್ಕು ಕೊಯ್ಯೋವಾಗ ಜೋರು ಮಾಡಿದ್ರೆ ಅಂಚು ಹರಕಾಗುತ್ತೆ ತಮ್ಮಾ. ಇದೂ ಕೊಯ್ಯೋ ಕೆಲಸಾನೇ ತಾನೇ?”

ತಣಿಗಾಚಲಂ ಮೂರಕ್ಕೂ ಕರೆಂಟು ಕೊಡಿಸಿ, ಒಂದೊಂದರ ತಟ್ಟೆ ಇಡುವ ನಾಲಿಗೆಯನ್ನೂ ಹತ್ತು ಹತ್ತು ಸಲ ಹೊರಗೆ ತೆಗೆಸಿ ಒಳಗೆ ಹಾಕಿಸಿದ. ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದ. ಒಂದರ ನಾಲಿಗೆ ಒಳಗೆ ಹೋಗುವಾಗ ಕಿರುಗುಟ್ಟಿತು. ಇನ್ನೊಂದರದು ನಡುಗಿತು.

“ಸಾರ್, ಅವಕ್ಕೇನು ಜ್ವರಾನಾ? ನಾಲಿಗೆ ಚಾಚು ನಾಲಿಗೆ ಚಾಚು ಅಂತ ಪ್ರಾಣ ತಿಂತಿದೀರಲ್ಲ!”

ಮೂರನೆಯದನ್ನು ಅಂಗೈ ಮೇಲೆ ತೂಗಿ ನೋಡಿ ತಣಿಗಾಚಲಂ, “ಇದು ಇರ್ಲಿ. ಮೂರರಲ್ಲಿ ತೂಕವಾಗಿರೋದು ಇದೇ,” ಎಂದ.

“ತೂಕ ನೋಡೋಕೆ ಇದೇನು ಹಲಸಿನಹಣ್ಣಾ?”

“ತೂಕ ಇದ್ರೆ ಅಲುಗಲ್ಲ. ಅಲುಗದಿದ್ರೆ ಗೆರೆ ತಪ್ಪಲ್ಲ.”

ಇಳಂಗೋ ಸೋತು ನಕ್ಕ. “ಅಷ್ಟು ಜೋಪಾನವಾಗಿ ಏನು ಕಾಪಿ ಮಾಡ್ತೀರಿ ಸಾರ್? ಮೊಮ್ಮಕ್ಕಳ ಫೋಟೋನಾ?”

“ಸಿನಿಮಾ. ನನ್ನ ಹೆಂಡ್ತಿ ಇರೋ ಸಿನಿಮಾ.”

ಇಳಂಗೋ ಎದುರಿಗಿದ್ದ ಮುಖ ನೋಡಿ ತಮಾಷೆ ಬಿಟ್ಟ. ಡಬ್ಬದ ಜೊತೆಗೆ ಒಂದು ಮೆತ್ತನೆಯ ಬಟ್ಟೆಯನ್ನೂ ಇಟ್ಟುಕೊಟ್ಟು ಹೇಳಿದ, “ತಟ್ಟೆ ಕೊಳೆಯಾದ್ರೆ ನಡುವಿಂದ ಅಂಚಿಗೆ ಒರೆಸಿ ಸಾರ್. ಯಾವತ್ತೂ ಸುತ್ತ ತಿರುಗಿಸಿ ಒರೆಸ್ಬೇಡಿ, ಗೆರೆ ಬೀಳುತ್ತೆ.”

ತಣಿಗಾಚಲಂ ಹೇಳಿದ್ದು ಸುಳ್ಳಲ್ಲ. ಅವನ ಹೆಂಡತಿ ಮರಗತಂ ಸಿನಿಮಾದಲ್ಲಿದ್ದಳು. ಹದಿನೈದರಿಂದ ಇಪ್ಪತ್ತೊಂದನೇ ವಯಸ್ಸಿನವರೆಗೆ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಗುಂಪಿನಲ್ಲಿ ಕುಣಿಯುತ್ತಿದ್ದ ಅಯನಾವರದ ಹುಡುಗಿ. ನಾಯಕಿ ಮುಂದೆ, ಇವಳು ಹಿಂದೆ, ಎಡದಿಂದ ಎರಡನೆಯವಳೋ ಮೂರನೆಯವಳೋ. ತಲೆಯ ಮೇಲೆ ಕೊಡ, ಕೈಯಲ್ಲಿ ದೀಪ, ಸೊಂಟಕ್ಕೆ ಹೊಳೆಯುವ ಪಟ್ಟಿ. ಒಂದೇ ಒಂದು ಚಿತ್ರದಲ್ಲಿ ಮಾತ್ರ ಅವಳೊಬ್ಬಳೇ ಓಡಿಬಂದು ಒಂದು ಮಾತು ಆಡುವ ದೃಶ್ಯವಿತ್ತಂತೆ. ಹೆಣ್ಣು ನೋಡಲು ಹೋದಾಗ ಅವಳ ಅಪ್ಪ ಅದನ್ನೇ ಹತ್ತು ಸಲ ಹೇಳಿದ್ದ, “ನನ್ನ ಮಗಳು ಮಾತೂ ಆಡಿದಾಳೆ ಮಾಪಿಳ್ಳೆ, ಪೂರ್ತಿ ಮುಖ ಕಾಣುತ್ತೆ!”

ಅಳಿಯನಾಗುವವನಿಗೆ ಅದು ಹೆಮ್ಮೆಯಾಗಿ ಕೇಳಿಸಲಿಲ್ಲ. ಎಪ್ಪತ್ತೊಂದರಲ್ಲಿ ಮದುವೆಯಾದ ಮರುದಿನವೇ “ಇನ್ನು ಆ ಕಡೆ ತಲೆ ಹಾಕಬಾರದು” ಎಂದ. ಒಂದು ತಿಂಗಳಿಗೆ ಆ ಚಿತ್ರ ತೆರೆಗೆ ಬಂತು. “ಒಂದ್ಸಲ ಹೋಗಿ ಬರೋಣ್ವಾ? ಒಂದು ಕಡೆ ನಾನೊಬ್ಬಳೇ ಬರ್ತೀನಿ,” ಎಂದು ಹೊಸ ಹೆಂಡತಿ ಕೇಳಿದಳು. “ಅದರ ಹೆಸರೆತ್ತಿದ್ರೆ ನೋಡು,” ಎಂದ. ಚಿತ್ರ ಓಡಿದ್ದೇ ಆರು ದಿನ. ಏಳನೇ ದಿನ ಅದು ಊರಿನಿಂದಲೇ ಮಾಯವಾಯಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೂರು ತಿಂಗಳಾದ ಮೇಲೆ, ಹಳೇ ಜರಿ ಸೀರೆಗೆ ಎವರ್‌ಸಿಲ್ವರ್ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬಂದಳು. ತಣಿಗಾಚಲಂನ ತಾಯಿ ಸೊಸೆಯ ತಗಡಿನ ಪೆಟ್ಟಿಗೆಯನ್ನು ಎಳೆದುತಂದು ಜಗಲಿಯ ಮೇಲೆ ಸುರಿದಳು. ಕುಣಿತದ ದಾವಣಿಗಳು, ಜರಿಯ ಪಟ್ಟಿಗಳು, ಅವುಗಳ ನಡುವೆ ಬಟ್ಟೆ ಸುತ್ತಿಟ್ಟಿದ್ದ ಫೋಟೋ ಆಲ್ಬಂ. ತಣಿಗಾಚಲಂ ಅಲ್ಲೇ ಶೇವ್ ಮಾಡಿಕೊಳ್ಳುತ್ತ ನಿಂತಿದ್ದ. “ಆಲ್ಬಂ ಯಾಕೆ ಇರ್ಬೇಕು, ಅದನ್ನೂ ಹಾಕು,” ಎಂದದ್ದು ತಾಯಿಯಲ್ಲ, ಅವನು. ಅವೆಲ್ಲಕ್ಕೂ ಸೇರಿ ಒಂದು ಅಗಲ ಬಾಯಿಯ ಬೋಗುಣಿ ಬಂತು. ಮರಗತಂ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವತ್ತು ಸಂಜೆ ಆ ಬೋಗುಣಿಯಲ್ಲೇ ಅಕ್ಕಿ ತೊಳೆದಳು. ಮೂವತ್ನಾಲ್ಕು ವರ್ಷದಿಂದ ಅದರಲ್ಲೇ ತೊಳೆಯುತ್ತಿದ್ದಾಳೆ.

ಕೆಲಸದಲ್ಲಿದ್ದಾಗ ಅವನನ್ನು ಇದು ಹೆಚ್ಚು ಕಾಡಲಿಲ್ಲ. ಗಂಡಸರಿಗೆ ಕಾರ್ಖಾನೆಯ ಸದ್ದಿನಲ್ಲಿ ಎಷ್ಟೋ ವಿಷಯ ಕೇಳಿಸುವುದಿಲ್ಲ. ನಿವೃತ್ತನಾಗಿ ದಿನವಿಡೀ ಮನೆಯಲ್ಲಿ ಕೂತ ಮೇಲೆ ದಿನಕ್ಕೆರಡು ಸಲ ಆ ಬೋಗುಣಿಗೆ ಅಕ್ಕಿ ಬೀಳುವ ಸದ್ದು ಕೇಳತೊಡಗಿತು. ಪ್ರತಿ ಸಲವೂ ಆ ಆಲ್ಬಂ ನೆನಪಾಗುತ್ತಿತ್ತು. ಬಾಯಿಬಿಟ್ಟು ತಪ್ಪಾಯಿತು ಎನ್ನುವ ಜಾತಿಯವನಲ್ಲ ಅವನು. ಅದಕ್ಕೇ ಮೂರ್ ಮಾರ್ಕೆಟ್, ಪಾರಿಸ್ ಪೇಟೆ, ಪಾದಚಾರಿ ದಾರಿಯ ರಾಶಿಗಳು ಎಂದು ಅಲೆದು ಅವಳಿದ್ದ ಚಿತ್ರಗಳ ಸೀಡಿ ತರತೊಡಗಿದ. ಎರಡು ವರ್ಷದಲ್ಲಿ ಇಪ್ಪತ್ತಮೂರು ಸಿಕ್ಕವು.

ಮರಗತಂ ಟೀವಿಯ ಮುಂದೆ ಕೂರುತ್ತಿರಲಿಲ್ಲ. ಬೆನ್ನು ಮಾಡಿ ಹುರುಳಿಕಾಯಿ ಬಿಡಿಸುತ್ತಿದ್ದಳು. ತಣಿಗಾಚಲಂ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿ ಹುಡುಕುತ್ತಿದ್ದರೆ, ತಿರುಗಿಯೂ ನೋಡದೆ ತಾಳ ಕೇಳಿಯೇ ಹೇಳುತ್ತಿದ್ದಳು: “ಎಡದಿಂದ ಎರಡನೇದು. ಈಗ ಕಂಬದ ಹಿಂದೆ ಹೋಗ್ತೀನಿ. ಹೋದ್ನಾ?”

“ಹೋದೆ ಹೋದೆ!”

“ಇನ್ನು ಬರಲ್ಲ. ಆಫ್ ಮಾಡಿ, ಕರೆಂಟ್ ದಂಡ.”

ಆರು ದಿನದ ಚಿತ್ರ ಮಾತ್ರ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಅದನ್ನು ತಂದುಕೊಟ್ಟವಳು ಪಕ್ಕದ ಮನೆಯ ಜೈನಾಬ್ ಬೀವಿ. ಅವಳ ಮೈದುನನಿಗೆ ಪೆನಾಂಗಿನಲ್ಲಿ ಅಂಗಡಿ. ಅಲ್ಲಿಯ ತಮಿಳರಿಗಾಗಿ ಯಾರೋ ಹಳೇ ಚಿತ್ರಗಳನ್ನೆಲ್ಲ ತಟ್ಟೆ ಮಾಡಿ ಮಾರುತ್ತಿದ್ದರು. “ತಗೋ ಅಣ್ಣಾ, ನಿನ್ನ ನಾಯಕಿಯನ್ನ ಸಮುದ್ರ ದಾಟಿಸಿ ತಂದಿದೀನಿ. ಮೀನು ಸಾರಿಗೆ ಕರೀದಿದ್ರೆ ಜಗಳ,” ಎಂದಳು ಜೈನಾಬ್.

ತಣಿಗಾಚಲಂ ತಟ್ಟೆಯನ್ನು ಬೆಳಕಿಗೆ ಹಿಡಿದ. ಅಯ್ಯೋ ದೇವರೇ! ಅಂಚಿನಿಂದ ಬೆಳ್ಳಿ ಸಿಪ್ಪೆಯೇಳುತ್ತಿತ್ತು, ಸಣ್ಣ ತೂತುಗಳಲ್ಲಿ ಆಚೆಯ ಕಿಟಕಿ ಕಾಣುತ್ತಿತ್ತು. ಇದನ್ನು ತಿರುಗಿಸಿದಷ್ಟೂ ಉದುರುತ್ತದೆ ಎಂದು ಅವನ ಫಿಟ್ಟರ್ ಕಣ್ಣಿಗೆ ತಕ್ಷಣ ಗೊತ್ತಾಯಿತು. ಒಂದೇ ಸಲ, ನಿಧಾನವಾಗಿ, ಒಳ್ಳೆಯ ಯಂತ್ರದಲ್ಲಿ ಓದಿಸಬೇಕು, ಹೊಸ ತಟ್ಟೆಗೆ ಇಳಿಸಿಕೊಳ್ಳಬೇಕು, ಆಮೇಲೇ ನೋಡಬೇಕು. ಎರಡನೇ ಅವಕಾಶವಿಲ್ಲ. ಅದಕ್ಕೇ ಅಷ್ಟು ತೂಗಿ ನೋಡಿ ಆ ರೈಟರ್ ತಂದದ್ದು.

“ಒಂದ್ಸಲ ನೀನು ನಿನ್ನ ನೋಡ್ಬೇಕು ಮರಗತಂ. ಅಷ್ಟಾದ್ರೆ ಸಾಕು ನಂಗೆ,” ಎಂದ.

ಅವಳು ಅಕ್ಕಿ ತೊಳೆಯುತ್ತಿದ್ದಳು. “ನೋಡೋದು ಬೇಕಾದ್ರೆ ನೋಡ್ತೀನಿ. ಕೇಳೋಕೆ ಮನಸ್ಸಿಲ್ಲ,” ಎಂದಳು. ತನ್ನ ಪುರಾಣ ಕೇಳಲು ಅವಳಿಗೆ ಮನಸ್ಸಿಲ್ಲ ಎಂದುಕೊಂಡ ಅವನು. ಅವಳ ಕೋಪ ಇನ್ನೂ ಆರಿಲ್ಲ, ಆರಬೇಕಾದರೂ ಯಾಕೆ ಎಂದು ತನಗೆ ತಾನೇ ಹೇಳಿಕೊಂಡ.

ರೈಟರನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಕೈ ಪಳಗಲಿ ಎಂದು ಮೊದಲು ಉಳಿದ ಇಪ್ಪತ್ತಮೂರು ಚಿತ್ರಗಳನ್ನು ಒಂದೊಂದಾಗಿ ಅದಕ್ಕೆ ಇಳಿಸಿ ಹೊಸ ತಟ್ಟೆಗೆ ಹಾಕಿದ. ಹೆಸರು, ಇಸವಿ, ‘ಎಡದಿಂದ ಎರಡು’, ‘ಬಲಗಡೆ ಕೊಡ ಹೊತ್ತವಳು’ ಎಂದು ಮೇಲೆ ಪೆನ್ನಿನಲ್ಲಿ ಬರೆದ. ಮೊದಮೊದಲು ಮೂರು ತಟ್ಟೆ ಕೆಟ್ಟವು. ಮರಗತಂ ಅವನ್ನು ದಾರಕ್ಕೆ ಪೋಣಿಸಿ ಮಾಳಿಗೆಯಲ್ಲಿ ಸಂಡಿಗೆಯ ಮೇಲೆ ತೂಗುಹಾಕಿದಳು. ಕಾಗೆ ಬರುವುದು ನಿಂತಿತು. “ಇದೊಂದಕ್ಕಾದ್ರೂ ಬಂತಲ್ಲ ನಿಮ್ಮ ಯಂತ್ರ,” ಎಂದಳು.

ಪೆನಾಂಗಿನ ತಟ್ಟೆಯ ಸರದಿ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅತಿ ನಿಧಾನದ ವೇಗಕ್ಕೆ ಹಾಕಿ ಕೂತ. ಫ್ಯಾನ್ ಆರಿಸಿದ್ದ. ಯಂತ್ರ ಓದಿತು, ತಡವರಿಸಿತು, ಮತ್ತೆ ಓದಿತು. ನೂರಕ್ಕೆ ಎಂಬತ್ತರ ಹತ್ತಿರ ಬಂದು ಒಂದು ಗಂಟೆ ಅಲ್ಲೇ ನಿಂತಿತು. ಅವನು ಊಟಕ್ಕೂ ಏಳಲಿಲ್ಲ. ಅಂತೂ ನೂರು ಮುಟ್ಟಿತು. ಹಳೇ ತಟ್ಟೆಯನ್ನು ಹೊರಗೆ ತೆಗೆದಾಗ ಬೆಳ್ಳಿ ಅರ್ಧಕ್ಕರ್ಧ ಉದುರಿ ನಾಲಿಗೆಯ ಮೇಲೆ ಪುಡಿಯಾಗಿ ಬಿದ್ದಿತ್ತು. ಇಳಿಸಿದ್ದನ್ನು ಹೊಸ ತಟ್ಟೆಗೆ ಬರೆದು, ಮೇಲೆ ‘ಮರಗತಂ, ಒಬ್ಬಳೇ’ ಎಂದು ಬರೆದ. ಅಕ್ಷರ ಸೊಟ್ಟಗಾಯಿತು.

ಇನ್ನೊಂದು ಪ್ರತಿಯನ್ನೂ ಆಗಲೇ ಮಾಡಿಬಿಡಬೇಕಿತ್ತು. ಆದರೆ ಪೂಜೆಯ ಹಿಂದಿನ ಸಂಜೆ ಕಾರ್ಖಾನೆಯವರು ಹೊಸ ಕೆಲಸ ಹಿಡಿಯುವುದಿಲ್ಲ. ಕೆಲಸ ಮುಗಿಸಿ, ಬೆಂಚು ತೊಳೆದು, ಒಂದು ಚೂರು ಉಕ್ಕಿನ ಪುಡಿಯೂ ಉಳಿಯದಂತೆ ಗುಡಿಸಿ, ಯಂತ್ರವನ್ನು ಬರಿದು ಮಾಡಿ ದೇವಿಗೆ ಒಪ್ಪಿಸಬೇಕು. ವಿಜಯದಶಮಿಯ ಬೆಳಿಗ್ಗೆ ಮತ್ತೆ ಶುರು. ಮೂವತ್ತೇಳು ವರ್ಷದ ಅಭ್ಯಾಸ ಹಾಗೆಲ್ಲ ಬಿಡುತ್ತದೆಯೇ? ತಣಿಗಾಚಲಂ ಕಂಪ್ಯೂಟರಿನ ಮೈ ಒರೆಸಿದ, ಕೀಲಿಗಳ ಸಂದಿನ ಧೂಳು ತೆಗೆದ, ಆಮೇಲೆ ಕೂತು ಅದರ ಹೊಟ್ಟೆಯಲ್ಲಿದ್ದ ಚಿತ್ರಗಳನ್ನೆಲ್ಲ ಒಂದೂ ಬಿಡದೆ ಅಳಿಸಿದ. ಬರಿದಾದ ಯಂತ್ರ ನೋಡಿ ಅವನಿಗೆ ಎಂಥ ತೃಪ್ತಿ ಅನ್ನುತ್ತೀರಿ!

ಮರುದಿನ ನಡುಮನೆಯಲ್ಲಿ ಎಲ್ಲವನ್ನೂ ಜೋಡಿಸಿದರು. ಅವನ ಸ್ಪಾನರುಗಳು, ಮರಗತಳ ಹೊಲಿಗೆ ಯಂತ್ರ, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ರೈಟರು. ಎಲ್ಲಕ್ಕೂ ಮುಂದೆ ವೀಳ್ಯದೆಲೆಯ ಮೇಲೆ ಆ ಹೊಸ ತಟ್ಟೆ. ಅದನ್ನು ಅಲ್ಲಿಟ್ಟವನು ಅವನೇ. ಇಟ್ಟು, ಕಾರ್ಖಾನೆಯ ಹಳೇ ಶೆಡ್ಡಿನ ಪೂಜೆಗೆ ಹೊರಟ. ನಿವೃತ್ತರಾದವರೂ ಅವತ್ತು ಅಲ್ಲಿ ಹಾಜರಿ ಹಾಕಿ ಪುರಿ ಕಡಲೆಯ ಪೊಟ್ಟಣ ಈಸಿಕೊಳ್ಳಲೇಬೇಕು.

ವಾಪಸು ಬಂದಾಗ ಪೂಜೆ ಮುಗಿದಿತ್ತು. ತಟ್ಟೆಯ ಮೇಲೆ ಸೇವಂತಿಗೆಯ ರಾಶಿ. ಕೈಮುಗಿದ. ಅವತ್ತು ಏನನ್ನೂ ಮುಟ್ಟುವಂತಿಲ್ಲ, ಮುಟ್ಟಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಹೂವು ಸರಿಸಿ ತಟ್ಟೆ ಎತ್ತಿದ. ಹೊಳೆಯುವ ಕಡೆಯೇ ಮೇಲಿತ್ತು. ಅದರ ಮೇಲೆ ಉದ್ದಕ್ಕೂ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ದುಂಡಗೆ ಗಂಧ, ಗಂಧದ ಮೇಲೆ ಕುಂಕುಮ. ರಾತ್ರಿಯೆಲ್ಲ ಒಣಗಿ ಗಾರೆಯಂತೆ ಹಿಡಿದುಕೊಂಡಿತ್ತು.

“ಮರಗತಂ!”

ಅವಳು ಸೌಟು ಹಿಡಿದೇ ಬಂದಳು. “ಏನ್ರೀ, ಹಾವು ಕಂಡವರ ಥರ?”

“ಇದೇನೇ ಇದು? ಈ ಕಡೆ ಯಾರಾದ್ರೂ ಬೊಟ್ಟಿಡ್ತಾರಾ? ಇನ್ನೊಂದು ಕಡೆ ಇರ್ಲಿಲ್ವಾ?”

“ಆ ಕಡೆ ನನ್ನ ಹೆಸರು ಬರೆದಿದ್ರಿ. ಹೆಸರಿನ ಮೇಲೆ ಹೇಗೆ ಬಳೀಲಿ? ಈ ಕಡೆ ತಿರುಗಿಸಿದ್ರೆ ನನ್ನ ಮುಖ ಕಾಣಿಸ್ತು. ಹಣೆ ಬಂದ ಕಡೆ ಬೊಟ್ಟಿಟ್ಟೆ. ಅದ್ರಲ್ಲೇನು ತಪ್ಪು?”

“ತಪ್ಪೇನಾ! ಹಳೇದು ಪುಡಿಯಾಯ್ತು, ಯಂತ್ರದಲ್ಲಿದ್ದದ್ದನ್ನ ನಾನೇ ತೊಳೆದೆ. ಜಗತ್ತಲ್ಲಿ ನನ್ನ ಹತ್ರ ಇದ್ದದ್ದು ಇದೊಂದೇ ಕಣೇ! ಹಾಳು ಮಾಡ್ಬಿಟ್ಯಲ್ಲೇ, ನಿನ್ನ ಕೈಯಾರೆ ಹಾಳು ಮಾಡ್ಬಿಟ್ಯಲ್ಲ!”

ಅವನ ಕೂಗು ಜೈನಾಬ್ ಬೀವಿಯ ಮನೆಯವರೆಗೂ ಕೇಳಿಸಿರಬೇಕು. ಮರಗತಂ ಅಲುಗಲಿಲ್ಲ. ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

“ನನ್ನ ಪೆಟ್ಟಿಗೇನ ಪಾತ್ರೆಯವಳಿಗೆ ಸುರಿದ್ರಲ್ಲ. ಅವತ್ತು ನಾನು ಕೂಗಿದ್ನಾ?”

ಮೂವತ್ನಾಲ್ಕು ವರ್ಷದಲ್ಲಿ ಅವಳು ಅದರ ಮಾತೆತ್ತಿದ್ದು ಅದೇ ಮೊದಲು. ತಣಿಗಾಚಲಂ ಗೋಡೆಗೊರಗಿ ಕೂತುಬಿಟ್ಟ. “ಇಲ್ಲ,” ಎಂದ. ಆಮೇಲೆ ನೆಲ ನೋಡಿಕೊಂಡು, “ಆಲ್ಬಂ ಹಾಕು ಅಂದಿದ್ದು ಅಮ್ಮ ಅಲ್ಲ, ನಾನು. ತಪ್ಪು ಮಾಡಿದೆ ಮರಗತಂ,” ಎಂದ.

“ಗೊತ್ತು. ಬಾಗಿಲಲ್ಲೇ ನಿಂತಿದ್ನಲ್ಲ,” ಎಂದು ಅವಳು ಒಳಗೆ ಹೋದಳು. ಹೋದವಳು ಎವರ್‌ಸಿಲ್ವರ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಅವನ ಮುಂದಿಟ್ಟಳು.

ತಟ್ಟೆಯನ್ನು ಆ ನೀರಿಗೆ ಇಳಿಬಿಟ್ಟ. ವಿಭೂತಿ ಹಾಲಿನಂತೆ ಕರಗಿತು, ಗಂಧ ಬಿಟ್ಟಿತು. ಕುಂಕುಮ ಮಾತ್ರ ಹಟ ಮಾಡಿತು. ಇಳಂಗೋ ಕೊಟ್ಟ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸಿದ. ರೈಲು ಡಬ್ಬಿಯ ಒಂದು ಬೋಲ್ಟಿಗೂ ಅಷ್ಟು ಹಗುರ ಕೈ ಹಾಕಿದವನಲ್ಲ. ಆದರೂ ಕುಂಕುಮದ ಕಾಳು ಗೆರೆ ಎಳೆದೇ ಎಳೆಯಿತು. ಮೂರೋ ನಾಲ್ಕೋ ಕೂದಲೆಳೆಯ ಗೆರೆ.

ಟೀವಿಗೆ ಹಾಕಿದ. ಚಿತ್ರ ಓಡಿತು, ಹಾರಿತು, ನಿಂತಿತು, ಮತ್ತೆ ಓಡಿತು. ಒಂದು ಹಳ್ಳಿಯ ಮನೆಯ ಅಂಗಳ ಬಂತು. ಮರಗತಂ ಈ ಸಲ ಬೆನ್ನು ಮಾಡಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಈಗ,” ಎಂದಳು.

ದನಿ ಕೊರಕೊರ ಎಂದು ನಿಂತೇಹೋಯಿತು. ಚಿತ್ರ ಮಾತ್ರ ಕುಂಟುತ್ತ ಮುಂದೆ ಹೋಯಿತು. ಬೇಲಿಯ ಬಾಗಿಲು ತಳ್ಳಿಕೊಂಡು ಎರಡು ಜಡೆಯ ಹುಡುಗಿಯೊಬ್ಬಳು ಓಡಿಬಂದಳು. ಅವಳ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಪರದೆಯ ತುಂಬ ಅವಳದೇ ಮುಖ, ಏದುಸಿರು, ಅರಳಿದ ಕಣ್ಣು. ಬಾಯಿ ತೆರೆದಳು. ಸದ್ದಿಲ್ಲ.

ತಣಿಗಾಚಲಂ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದ್ದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ, ಪರದೆಯ ತುಟಿಗಳಿಗೆ ಸರಿಯಾಗಿ, ಮಾತು ಬಂತು.

“ಅಮ್ಮಾ! ಗಾಡಿ ಬಂತು! ಅಣ್ಣ ಇಳೀತಾ ಇದಾನೆ!”

ಅವನು ತಿರುಗಿದ. ಐವತ್ತೈದರ ಮರಗತಂ ಸೌಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು, ನಿಜವಾಗಿ ಓಡಿಬಂದವಳಂತೆ ಏದುಸಿರು ಬಿಡುತ್ತಿದ್ದಳು. ಇಂಥ ಮುಖವನ್ನು ಆರು ದಿನ ಊರೆಲ್ಲ ನೋಡಬಹುದಾಗಿತ್ತು, ಕಟ್ಟಿಕೊಂಡವನು ಮಾತ್ರ ನೋಡಲಿಲ್ಲವಲ್ಲ ಎಂದು ತಣಿಗಾಚಲಂಗೆ ಅಳು ಬಂತು. ತಡೆದುಕೊಳ್ಳಲೂ ಇಲ್ಲ, ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

“ಇನ್ನೊಂದ್ಸಲ ಹಾಕಿ,” ಎಂದಳು ಅವಳು.

ಹಾಕಿದ. ಅವಳು ಮತ್ತೆ ಆಡಿದಳು. ನಾಲ್ಕು ಸಲ ಆಯಿತು. ನಾಲ್ಕನೇ ಸಲಕ್ಕೆ ಜೈನಾಬ್ ಬೀವಿ ಗೋಡೆಯಾಚೆಯಿಂದ, “ಯಾವ ಗಾಡಿ ಬಂತು ಮರಗತಂ? ಯಾರು ಇಳಿದ್ರು?” ಎಂದು ಕೂಗಿದಳು. ಇಬ್ಬರೂ ನಕ್ಕುಬಿಟ್ಟರು.

ಆಮೇಲೆ ತಣಿಗಾಚಲಂ ಕಣ್ಣೊರೆಸಿಕೊಂಡು ಎದ್ದ. ಫಿಟ್ಟರ್ ಬುದ್ಧಿ ವಾಪಸು ಬಂದಿತ್ತು. “ಜೈನಾಬ್‌ಗೆ ಹೇಳಿ ಪೆನಾಂಗಿಂದ ಇನ್ನೊಂದು ತಟ್ಟೆ ತರಿಸ್ತೀನಿ. ಹೊಸದು, ಸಿಪ್ಪೆ ಏಳದೇ ಇರೋದು. ದನಿ ಎಲ್ಲ ಸರಿಯಾಗಿ ಇರುತ್ತೆ.”

“ಬೇಡ.”

“ಯಾಕೆ ಬೇಡ? ನೀನು ಆಡಿದ ಮಾತು ಕೇಳಿಸ್ಬೇಡ್ವಾ?”

ಮರಗತಂ ನೀರು ಚೆಲ್ಲಿ ಬಂದು ಬೋಗುಣಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. “ಡಬ್ಬಿಂಗಲ್ಲಿ ಮಾತು ಸೇರಿಸೋವಾಗ ಸ್ಟುಡಿಯೋ ಗೇಟಲ್ಲಿ ಎರಡು ದಿನ ನಿಲ್ಲಿಸಿದ್ರು. ಆಮೇಲೆ, ನಿನ್ನ ಮಾತಲ್ಲಿ ಅಯನಾವರದ ವಾಸನೆ ಬರುತ್ತೆ ಅಂತ ಬೇರೆ ಹುಡುಗಿ ಕೈಲಿ ಆಡಿಸಿದ್ರು. ನಮ್ಮಪ್ಪನಿಗೂ ಹೇಳಿರ್ಲಿಲ್ಲ ನಾನು.”

ತಣಿಗಾಚಲಂ ಪರದೆಯ ಕಡೆ ತಿರುಗಿದ.

“ಇದೇ ಇರ್ಲಿ,” ಎಂದಳು ಅವಳು. “ಇದಕ್ಕೇ ಇನ್ನೊಂದು ಕಾಪಿ ಮಾಡಿ. ಪೆನಾಂಗಿಂದ ತರಿಸಿದ್ರೆ ಅದ್ರಲ್ಲಿ ಅವಳು ಮಾತಾಡ್ತಾಳೆ.”